ರ‍್ಯಾಮ್ ಹಾಕಿಸಿದ ಮೇಲೆ ಕೈಕೊಟ್ಟ ಲ್ಯಾಪ್‌ಟಾಪ್: 27 ದಿನಗಳ ಅನುಭವ

ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ ನಾನು ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದೇನೆ. ಆಲ್ದೂರು, ವಸ್ತಾರೆ, ಮಲ್ಲಂದೂರು ಕಡೆಯ ಸಣ್ಣ ಕಾಫಿ ಬೆಳೆಗಾರರು, ಪೇಟೆಯ ಮೆಣಸಿನ ವ್ಯಾಪಾರಿಗಳು, ಎರಡು ಹಾರ್ಡ್‌ವೇರ್ ಅಂಗಡಿಗಳು, ಹೀಗೆ ನಲವತ್ತಕ್ಕೂ ಹೆಚ್ಚು ಮಂದಿಯ ಲೆಕ್ಕ 2020ರಲ್ಲಿ ಕೊಂಡ ನನ್ನ ಒಂದೇ ಲ್ಯಾಪ್‌ಟಾಪ್‌ನಲ್ಲಿದೆ. ಜುಲೈ ತಿಂಗಳು ನಮ್ಮ ವೃತ್ತಿಯವರಿಗೆ ಉಸಿರಾಡಲು ಬಿಡುವಿಲ್ಲದ ತಿಂಗಳು. 2024ರಲ್ಲಿ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರಣೆ), 20ಕ್ಕೆ 3ಬಿ (ತಿಂಗಳ ಜಿಎಸ್‌ಟಿಯ ಸಾರಾಂಶ ವಿವರಣೆ), 31ಕ್ಕೆ ಆದಾಯ ತೆರಿಗೆ ವಿವರಣೆ (ರಿಟರ್ನ್) ಸಲ್ಲಿಸಬೇಕಿತ್ತು. ಆ ಜುಲೈಯಲ್ಲಿ ಈ ಮೂರು ಗಡುವುಗಳ ನಡುವೆ ನನ್ನ ಲ್ಯಾಪ್‌ಟಾಪ್ ಮತ್ತೆ ಮತ್ತೆ ನೀಲಿ ಪರದೆ ತೋರಿಸಿ ನಿಂತುಹೋಗುತ್ತಿತ್ತು. ಕಾರಣ ಗೊತ್ತಾಗುವ ಹೊತ್ತಿಗೆ ನಾಲ್ಕು ವಾರಗಳೇ ಕಳೆದವು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ನಾಲ್ಕು ರಾತ್ರಿಗಳಲ್ಲಿ ತಿಳಿಯುತ್ತಿತ್ತು ಎಂಬುದು ಈಗ ಅರ್ಥವಾಗಿರುವುದರಿಂದ, ಇದೇ ದಾರಿಯಲ್ಲಿ ಹೊರಟಿರುವವರಿಗಾಗಿ ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ರ‍್ಯಾಮ್ (ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಹೆಚ್ಚಿಸುವ ಯೋಚನೆ ಬಂದದ್ದು ಸಕಾರಣವಾಗಿಯೇ. ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 8 ಜಿಬಿ. ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಎಕ್ಸೆಲ್, ತೆರಿಗೆ ಪೋರ್ಟಲಿನ ಹತ್ತಾರು ಪುಟಗಳು ಒಟ್ಟಿಗೆ ತೆರೆದಿರುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಬಳಕೆ ಶೇಕಡಾ 90 ದಾಟಿ, ಒಂದು ಕಡತದಿಂದ ಇನ್ನೊಂದಕ್ಕೆ ಹೋಗುವುದಕ್ಕೂ ಕಾಯಬೇಕಾಗುತ್ತಿತ್ತು. ಅದೇ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ, ಮೆಮೊರಿ ಕೂರಿಸುವ ಎರಡು ಸ್ಲಾಟ್‌ಗಳ ಪೈಕಿ ಒಂದು ಮಾತ್ರ ಬಳಕೆಯಲ್ಲಿದೆ ಎಂದೂ ಕಾಣುತ್ತಿತ್ತು. ಖಾಲಿ ಇರುವ ಸ್ಲಾಟ್‌ಗೆ ಇನ್ನೊಂದು 8 ಜಿಬಿ ಸೇರಿಸಿದರೆ ಸಾಕು ಎಂದು ತೀರ್ಮಾನಿಸಿದೆ.

ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ, ಆದರೆ ಇರುವಷ್ಟನ್ನು ತಪ್ಪದೆ ನೋಡಬೇಕು. ನನ್ನದು ಡಿಡಿಆರ್4 ಎಂಬ ಪೀಳಿಗೆಯ ಮೆಮೊರಿ; ಅದು ಸ್ಟಿಕ್ ಎಂದು ಕರೆಯುವ ಸಣ್ಣ ಪಟ್ಟಿಯ ರೂಪದಲ್ಲಿ ಬರುತ್ತದೆ. ಲ್ಯಾಪ್‌ಟಾಪ್‌ಗೆ ಬರುವ ಡಿಡಿಆರ್4 ಸ್ಟಿಕ್‌ನಲ್ಲಿ 260 ಪಿನ್‌ಗಳಿದ್ದು ಅದು 1.2 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಡಿಡಿಆರ್3ರಲ್ಲಿ 204, ಡಿಡಿಆರ್5ರಲ್ಲಿ 262 ಪಿನ್‌ಗಳಿದ್ದು ನಡುವಿನ ಸೀಳು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದೇ ಇಲ್ಲ. ನನ್ನ ಪ್ರೊಸೆಸರ್ 2666ರ ವೇಗದವರೆಗೆ ಮಾತ್ರ ಒಪ್ಪುತ್ತದೆ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದದ್ದು 3200ರ ಸ್ಟಿಕ್. ಇದರಿಂದ ತೊಂದರೆಯಿಲ್ಲ, ವೇಗದ ಸ್ಟಿಕ್ ತಾನಾಗಿ ಕೆಳಗಿಳಿದು 2666ರಲ್ಲೇ ಓಡುತ್ತದೆ. ಅಂಗಡಿಯವರು ಹೇಳಿದ ಈ ಮಾತು ಸರಿಯಾಗಿಯೇ ಇತ್ತು. ಮುಂದೆ ಯಂತ್ರ ಕೈಕೊಟ್ಟಾಗ ನಾನು ಮೊದಲು ಅನುಮಾನಿಸಿದ್ದು ಮಾತ್ರ ಇದನ್ನೇ.

ಜೂನ್ 29, ಶನಿವಾರ ಸಂಜೆ ಅಂಗಡಿಯಲ್ಲೇ ಸ್ಟಿಕ್ ಹಾಕಿಸಿದೆ. ಸ್ಟಿಕ್‌ಗೆ 1,850 ರೂಪಾಯಿ, ಹಾಕಿಕೊಟ್ಟದ್ದಕ್ಕೆ 200. ಮೊದಲ ಬಾರಿ ಗುಂಡಿ ಒತ್ತಿದಾಗ ಪರದೆ ಸುಮಾರು ಒಂದು ನಿಮಿಷ ಕಪ್ಪಾಗಿಯೇ ಉಳಿದು ನನಗೆ ಗಾಬರಿಯಾಯಿತು. ಅದು ದೋಷವಲ್ಲ. ಹೊಸ ಮೆಮೊರಿಗೆ ತಕ್ಕ ಹೊಂದಾಣಿಕೆಗಳನ್ನು ಯಂತ್ರ ಆ ಹೊತ್ತಿನಲ್ಲಿ ಮಾಡಿಕೊಳ್ಳುತ್ತಿರುತ್ತದೆ. ಆಗ ಗುಂಡಿ ಹಿಡಿದು ಬಲವಂತವಾಗಿ ಆರಿಸಬಾರದು. ಆಮೇಲೆ ವಿಂಡೋಸ್ ತೆರೆದುಕೊಂಡು 16 ಜಿಬಿ ಎಂದು ತೋರಿಸಿತು, ಎರಡೂ ಸ್ಲಾಟ್ ಬಳಕೆಯಲ್ಲಿವೆ ಎಂದಿತು. ಅಷ್ಟಕ್ಕೆ ಕೆಲಸ ಮುಗಿಯಿತೆಂದು ನಾವಿಬ್ಬರೂ ಭಾವಿಸಿದೆವು. ಪರದೆಯ ಮೇಲೆ 16 ಜಿಬಿ ಎಂದು ಕಾಣುವುದಕ್ಕೂ ಆ 16 ಜಿಬಿ ನಂಬಲು ಯೋಗ್ಯವಾಗಿರುವುದಕ್ಕೂ ಬಹಳ ಅಂತರವಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಭಾನುವಾರ ಏನೂ ಆಗಲಿಲ್ಲ. ಜುಲೈ 1ರ ಸಂಜೆ, ಒಬ್ಬ ವ್ಯಾಪಾರಿಯ ಖರೀದಿ ಬಿಲ್ಲುಗಳನ್ನು ನಮೂದಿಸುತ್ತಿರುವಾಗ ಮೊದಲ ನೀಲಿ ಪರದೆ ಬಂದಿತು. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಹೆಸರು ಅದರ ಕೆಳಗಿತ್ತು. ಮರುದಿನ ಬಂದದ್ದು ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’. ಅದರ ಮರುದಿನ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ಸಂಜೆ ಮತ್ತೆ ‘ಕರ್ನಲ್ ಸೆಕ್ಯುರಿಟಿ ಚೆಕ್ ಫೇಲ್ಯೂರ್’. ಪ್ರತಿ ಸಲವೂ ಬೇರೆ ಹೆಸರು. ಇವುಗಳ ನಡುವೆ ಇನ್ನೊಂದು ವಿಚಿತ್ರವೂ ನಡೆಯುತ್ತಿತ್ತು: ಪೋರ್ಟಲಿನಿಂದ ಇಳಿಸಿಕೊಂಡ ಜಿಪ್ ಕಡತಗಳನ್ನು ಬಿಚ್ಚುವಾಗ ಕಡತ ಹಾಳಾಗಿದೆ ಎಂದು ಬರುತ್ತಿತ್ತು, ಅದೇ ಕಡತ ಎರಡನೆಯ ಸಲ ಸರಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮಳೆಗೆ ಇಂಟರ್‌ನೆಟ್ ಸರಿಯಿಲ್ಲ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ. ಒಮ್ಮೆ ಕೆಟ್ಟಿದೆ ಎಂದ ಕಡತ ಮತ್ತೊಮ್ಮೆ ಸರಿ ಇದೆ ಎನ್ನುವುದು ಮೆಮೊರಿ ತಪ್ಪು ಓದುತ್ತಿರುವುದರ ದೊಡ್ಡ ಸುಳಿವು. ಅದನ್ನು ನಾನು ಕೈಬಿಡಬಾರದಿತ್ತು.

ನನ್ನ ಅನುಮಾನ ಕರೆಂಟಿನ ಮೇಲೆ ಹೋಗಲು ಒಂದು ಕಾರಣವಿತ್ತು. ಮಲೆನಾಡಿನ ಜುಲೈಯಲ್ಲಿ ಎಲ್ಲೋ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುತ್ತದೆ. ಅದಕ್ಕೆ ತಕ್ಕಂತೆ, ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ನೋಡಿದಾಗ ಪ್ರತಿ ಬಾರಿಯೂ ‘ಕರ್ನಲ್-ಪವರ್ 41’ ಎಂಬ ಕೆಂಪು ದಾಖಲೆ ಕಾಣಿಸಿತು. ಹೆಸರಿನಲ್ಲೇ ಪವರ್ ಇರುವುದರಿಂದ ಅಡಾಪ್ಟರ್ ಕೆಟ್ಟಿದೆ ಎಂದು ತೀರ್ಮಾನಿಸಿ 1,200 ರೂಪಾಯಿ ಕೊಟ್ಟು ಹೊಸದನ್ನು ತಂದೆ. ಆ ದಾಖಲೆಯ ಅರ್ಥ ಅದಲ್ಲ. ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ಮತ್ತೆ ಶುರುವಾಗಿದೆ ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ನೀಲಿ ಪರದೆಯ ನಂತರವೂ ಅದೇ ದಾಖಲೆ ಬೀಳುತ್ತದೆ. ನೋಡಬೇಕಾದದ್ದು ಅದರ ಆಸುಪಾಸಿನಲ್ಲಿರುವ ‘ಬಗ್‌ಚೆಕ್’ ಎಂಬ 1001ನೇ ಸಂಖ್ಯೆಯ ದಾಖಲೆಯನ್ನು.

ಅಡಾಪ್ಟರ್ ಆದ ಮೇಲೆ ಡ್ರೈವರ್‌ಗಳ (ಒಂದೊಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶಗಳ) ಸರದಿ. ಗ್ರಾಫಿಕ್ಸ್, ವೈಫೈ, ಪ್ರಿಂಟರ್, ಒಂದಾದ ಮೇಲೊಂದು ತೆಗೆದು ಮತ್ತೆ ಹಾಕಿದೆ. ಎರಡು ದಿನ ಹೀಗೇ ಹೋಯಿತು, ಅದರ ಬಗ್ಗೆ ಹೇಳಬೇಕಾದದ್ದು ಏನೂ ಇಲ್ಲ. ಜುಲೈ 5ರ ರಾತ್ರಿ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಅದನ್ನೂ ಓಡಿಸಿದೆ. ಅರ್ಧ ಗಂಟೆಯಲ್ಲಿ ಮುಗಿದು, ಯಾವ ದೋಷವೂ ಇಲ್ಲ ಎಂದಿತು. ಆ ಒಂದು ಸಾಲು ನನ್ನನ್ನು ದಾರಿ ತಪ್ಪಿಸಿದಷ್ಟು ಬೇರೇನೂ ತಪ್ಪಿಸಲಿಲ್ಲ. ಈ ಪರೀಕ್ಷೆ ದೋಷವಿದೆ ಎಂದರೆ ನಂಬಬಹುದು. ದೋಷವಿಲ್ಲ ಎಂದರೆ, ಅದರಲ್ಲೂ ಮೊದಲಿನಿಂದ ಇರುವ ಸಾಧಾರಣ ಮಟ್ಟದಲ್ಲಿ ಓಡಿಸಿದ್ದರೆ, ಅದನ್ನು ಅಂತಿಮವೆಂದು ತಿಳಿಯಬಾರದು. ಓಡುತ್ತಿರುವಾಗ ಎಫ್1 ಒತ್ತಿ ವಿಸ್ತೃತ ಮಟ್ಟವನ್ನು ಆರಿಸಿಕೊಳ್ಳಬಹುದು ಎಂಬುದೂ ನನಗೆ ಆಗ ಗೊತ್ತಿರಲಿಲ್ಲ.

ಜುಲೈ 7ರ ಭಾನುವಾರ ಆದದ್ದು ನಿಜವಾಗಿ ನನ್ನನ್ನು ಹೆದರಿಸಿತು. ಒಬ್ಬ ವ್ಯಾಪಾರಿಯ ಟ್ಯಾಲಿ ಲೆಕ್ಕ ತೆರೆಯಲೇ ಇಲ್ಲ. ಅಲ್ಲಿಯವರೆಗೆ ನೀಲಿ ಪರದೆ ಎಂದರೆ ಸಮಯ ಹಾಳು ಎಂದಷ್ಟೇ ತಿಳಿದಿದ್ದೆ. ಆದರೆ ಮೆಮೊರಿಯಲ್ಲಿ ತಪ್ಪಾದ ಅಂಕಿ ಡಿಸ್ಕಿಗೆ ಬರೆದುಹೋದರೆ ಅದು ಕಡತದಲ್ಲೇ ಉಳಿದುಬಿಡುತ್ತದೆ, ಯಂತ್ರ ಎಚ್ಚರಿಸುವುದೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಜೂನ್ 28ರ ಪ್ರತಿ ಇತ್ತು. ಅದರಿಂದ ಲೆಕ್ಕ ಮರಳಿ ಬಂದಿತು, ಆ ಬಳಿಕದ ನಮೂದುಗಳನ್ನು ಬಿಲ್ಲು ನೋಡಿ ಮತ್ತೆ ಹಾಕಲು ಒಂದೂವರೆ ದಿನ ಹಿಡಿಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಯಂತ್ರ ಹೀಗೆ ಕೈಕೊಡುತ್ತಿರುವ ದಿನಗಳಲ್ಲಿ ತೆಗೆದ ಬ್ಯಾಕಪ್ ಕೂಡ ಸಂಶಯಾಸ್ಪದವೇ. ಹಳೆಯ ಒಳ್ಳೆಯ ಪ್ರತಿಯ ಮೇಲೆ ಅದನ್ನು ಬರೆಯಬೇಡಿ. ಬೇರೆ ಹೆಸರಿನಲ್ಲಿ ಬೇರೆಯಾಗಿ ಇಡಿ.

ಅದೇ ರಾತ್ರಿ ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ನೀಲಿ ಪರದೆಯ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೇನೆ ಎಂದಾಗ ಅವನು ಎಲ್ಲವನ್ನೂ ಓದಿ ಹೇಳಲು ಕೇಳಿದ. ಮುಗಿಸುವ ಮೊದಲೇ, “ಅಕ್ಕ, ಡ್ರೈವರ್ ತಪ್ಪಾದ್ರೆ ಹೆಚ್ಚಾಗಿ ಒಂದೇ ಹೆಸರು ಬರುತ್ತೆ. ಇಷ್ಟೊಂದು ಥರ ಬರ್ತಿದೆ ಅಂದ್ರೆ ಕೆಳಗಿನ ನೆಲಾನೇ ಅಲ್ಲಾಡ್ತಿದೆ. ರ‍್ಯಾಮ್ ನೋಡು” ಎಂದ. ವಿಂಡೋಸ್ ಪರೀಕ್ಷೆ ಸರಿ ಎಂದಿದೆಯಲ್ಲ ಎಂದೆ. ಅದನ್ನು ಬಿಟ್ಟು ಮೆಮ್‌ಟೆಸ್ಟ್86 ಓಡಿಸು, ಅದು ವಿಂಡೋಸ್ ಹೊರಗೆ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಪರೀಕ್ಷೆ ಮಾಡುತ್ತದೆ ಎಂದು ವಿವರಿಸಿದ. 350 ರೂಪಾಯಿಯ ಹೊಸ ಪೆನ್‌ಡ್ರೈವ್ ತಂದು, ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಸಿದ್ಧಪಡಿಸಿಕೊಂಡೆ. ಕೆಟ್ಟಿರುವ ಯಂತ್ರದಲ್ಲೇ ಅದನ್ನು ಮಾಡಬಾರದು. ಪರೀಕ್ಷೆಯ ಕಡತವೇ ಕೆಟ್ಟುಹೋಗಬಹುದು.

ಈ ಹಂತದಲ್ಲಿ ನಾನು ಎಣಿಸದೇ ಇದ್ದ ಅಡ್ಡಿಯೊಂದು ಎದುರಾಯಿತು. ಪೆನ್‌ಡ್ರೈವ್‌ನಿಂದ ಶುರು ಮಾಡಬೇಕಾದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ) ಸೆಕ್ಯೂರ್ ಬೂಟ್ ಎಂಬ, ಸಹಿ ಇಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ಕಾವಲನ್ನು ಆಫ್ ಮಾಡಬೇಕೆಂದು ಒಂದು ವಿಡಿಯೋದಲ್ಲಿ ನೋಡಿ ಹಾಗೆಯೇ ಮಾಡಿದೆ. ಪೆನ್‌ಡ್ರೈವ್ ಸರಿಯಾಗಿ ಸಿಕ್ಕಿಸಿರಲಿಲ್ಲವಾದ್ದರಿಂದ ಯಂತ್ರ ವಿಂಡೋಸ್ ಕಡೆಗೇ ಹೋಯಿತು. ಆದರೆ ವಿಂಡೋಸ್ ತೆರೆಯುವ ಬದಲು ನೀಲಿ ಹಿನ್ನೆಲೆಯ ಮೇಲೆ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಕೇಳಿತು. ಅಂಥದ್ದೊಂದು ಕೀ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೀ ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ ಎಂದು ತಿಳಿಯಿತು. ಆ ಖಾತೆಯನ್ನು 2020ರಲ್ಲಿ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗನೊಬ್ಬ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿದ್ದ, ಅವನು ಈಗ ಊರಲ್ಲಿಲ್ಲ. ರಾತ್ರಿ ಹನ್ನೊಂದು ಗಂಟೆ, ಹೊರಗೆ ಜಡಿಮಳೆ, ನಲವತ್ತು ಮನೆಗಳ ಲೆಕ್ಕ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ನನಗೆ ಅಳು ಬಂದದ್ದು ಆ ಇಡೀ ತಿಂಗಳಲ್ಲಿ ಅದೊಂದೇ ಸಲ.

ಮತ್ತೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮೊದಲಿನಂತೆ ಹಾಕಿದೊಡನೆ ಕೀ ಕೇಳುವುದು ನಿಂತು ವಿಂಡೋಸ್ ತೆರೆಯಿತು. ಮೊದಲ ಕೆಲಸವಾಗಿ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ರಿಕವರಿ ಕೀಯನ್ನು ಉಳಿಸಿಕೊಳ್ಳುವ ಆಯ್ಕೆ ಹುಡುಕಿ, ಅದನ್ನು ಮುದ್ರಿಸಿ ಬೀರುವಿನಲ್ಲಿಟ್ಟೆ. ನೀವು ಲ್ಯಾಪ್‌ಟಾಪಿನ ಕೆಳಗಿನ ಮುಚ್ಚಳಕ್ಕೆ ಕೈ ಹಾಕುವ ಮೊದಲೇ, ರ‍್ಯಾಮ್ ಕೊಳ್ಳುವುದಕ್ಕಿಂತಲೂ ಮೊದಲೇ, ಈ ಕೆಲಸ ಮಾಡಿಕೊಳ್ಳಿ. ಬಯಾಸ್ ಅಪ್‌ಡೇಟ್ ಮಾಡುವವರು ಅದಕ್ಕೂ ಮುಂಚೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಇನ್ನು ಮೆಮ್‌ಟೆಸ್ಟ್86ರ ಮಟ್ಟಿಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ. ಅದು ಮೈಕ್ರೋಸಾಫ್ಟ್ ಸಹಿಯೊಂದಿಗೆ ಬರುವುದರಿಂದ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿಕೊಂಡರೆ ನೇರವಾಗಿ ತೆರೆಯುತ್ತದೆ.

ಜುಲೈ 9ರ ರಾತ್ರಿ ಎರಡೂ ಸ್ಟಿಕ್ ಇದ್ದಂತೆಯೇ ಪರೀಕ್ಷೆ ಶುರು ಮಾಡಿದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ದೋಷ ತೋರಿಸುವ ಕೆಂಪು ಸಾಲುಗಳು ಕಾಣಿಸಿಕೊಂಡವು. ವಿಚಿತ್ರವೆಂದರೆ ನನಗೆ ಸಮಾಧಾನವೇ ಆಯಿತು, ಏಕೆಂದರೆ ಎಂಟು ದಿನಗಳಲ್ಲಿ ಮೊದಲ ಬಾರಿಗೆ ಶತ್ರುವಿನ ಮುಖ ಕಂಡಿತ್ತು. ಪರದೆಯನ್ನೂ, ಕೊನೆಯಲ್ಲಿ ಬಂದ ಸಾರಾಂಶದ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ಕಾರಣ ತಿಳಿಯದೆ ತೆಗೆದ ಈ ಫೋಟೋ ಮುಂದೆ ಎಲ್ಲವನ್ನೂ ಬಿಡಿಸಿಕೊಟ್ಟಿತು. ದಯವಿಟ್ಟು ನೀವೂ ತೆಗೆದಿಡಿ.

ಮರುದಿನ ನಾನೇ ಮುಚ್ಚಳ ತೆಗೆದೆ. ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ಚಾರ್ಜರ್ ತೆಗೆದು, ಮುಚ್ಚಳ ಬಿಚ್ಚಿ, ಬೇರೇನನ್ನೂ ಮುಟ್ಟುವ ಮೊದಲು ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು; ಆಮೇಲೆ ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಮುಚ್ಚಳದ ಸ್ಕ್ರೂಗಳು ಎರಡು ಉದ್ದದವು, ಯಾವ ತೂತಿನದು ಯಾವುದು ಎಂದು ಕಾಗದದ ಮೇಲೆ ಗುರುತು ಮಾಡಿಟ್ಟುಕೊಂಡರೆ ಮತ್ತೆ ಹಾಕುವಾಗ ತೊಂದರೆಯಾಗದು. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದಾಗ ಎರಡು ಬದಿಯ ಕೊಂಡಿಗಳೂ ಸದ್ದು ಮಾಡಿ ಕೂರಬೇಕು. ಹೊಸ ಸ್ಟಿಕ್ ತೆಗೆದು ಹಳೆಯದನ್ನಷ್ಟೇ ಬಿಟ್ಟಾಗ ಪರೀಕ್ಷೆ ನಿರ್ದೋಷವಾಗಿ ಮುಗಿಯಿತು. ಹಳೆಯದನ್ನು ತೆಗೆದು ಹೊಸದನ್ನು ಅದು ಮೊದಲಿದ್ದ ಜಾಗದಲ್ಲೇ, ಅಂದರೆ ಎರಡನೆಯ ಸ್ಲಾಟ್‌ನಲ್ಲಿ, ಬಿಟ್ಟಾಗ ಮತ್ತೆ ಕೆಂಪು ಸಾಲು. ಹೊಸ ಸ್ಟಿಕ್ ಕೆಟ್ಟಿದೆ ಎಂದು ನನಗೆ ಸಂದೇಹವೇ ಉಳಿಯಲಿಲ್ಲ. 11ರ ಜಿಎಸ್‌ಟಿಆರ್-1 ಎಲ್ಲವನ್ನೂ ಹಳೆಯ 8 ಜಿಬಿಯಲ್ಲೇ ಮುಗಿಸಿದೆ. ನಿಧಾನವಾಗಿದ್ದರೂ ಒಂದು ಸಲವೂ ನಿಲ್ಲಲಿಲ್ಲ.

ಜುಲೈ 12ಕ್ಕೆ ಅಂಗಡಿಗೆ ಹೋಗಿ ಫೋಟೋ ತೋರಿಸಿದೆ. ಅವರು ತಕರಾರಿಲ್ಲದೆ ಒಪ್ಪಿ, ಬಿಲ್ಲಿನ ಪ್ರತಿ ಮತ್ತು ಸ್ಟಿಕ್ ಮೇಲಿನ ಸೀರಿಯಲ್ ಸಂಖ್ಯೆಯನ್ನು ಬರೆದುಕೊಂಡು ವಿತರಕರಿಗೆ ಕಳುಹಿಸಿದರು. ಸ್ಟಿಕ್ ಮೇಲಿನ ಚೀಟಿ ಹರಿದರೆ ವಾರಂಟಿ ಸಿಗುವುದು ಕಷ್ಟ ಎಂದು ಹೇಳಿದವರೂ ಅವರೇ. ಐದು ದಿನ ಕಾದ ಮೇಲೆ 17ಕ್ಕೆ ಬದಲಿ ಸ್ಟಿಕ್ ಬಂದಿತು, ದುಡ್ಡು ಕೇಳಲಿಲ್ಲ. ಅಂಗಡಿಯ ಹುಡುಗ ಸ್ಟಿಕ್‌ನ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿಕೊಟ್ಟ. ಈ ಸಲ ನಾನು ವಿಂಡೋಸ್ ತೆರೆಯುವ ಮೊದಲೇ ಪರೀಕ್ಷೆಗೆ ಹಚ್ಚಿದೆ. ಮೊದಲ ಸುತ್ತು ಮುಗಿಯುವ ಮುನ್ನವೇ ಅದೇ ಕೆಂಪು ಸಾಲುಗಳು.

19ರಂದು ಅಂಗಡಿಯಲ್ಲಿ ಆದ ಮಾತುಕತೆಯನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಅವರು ಬದಲಿ ಸ್ಟಿಕ್ಕನ್ನು ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿ ಮಧ್ಯಾಹ್ನವಿಡೀ ಓಡಿಸಿ, “ಮೇಡಂ, ನಮ್ಮಲ್ಲಿ ಏನೂ ಆಗ್ತಿಲ್ಲ. ಇನ್ನೊಂದ್ಸಲ ಕಳಿಸಿದ್ರೆ ಅವರು ತಗೊಳ್ಳಲ್ಲ” ಎಂದರು. ನಾಳೆ 3ಬಿ ಕೊನೆಯ ದಿನ, ಹಿಂದಿನ ರಾತ್ರಿ ನಿದ್ದೆಯಿಲ್ಲ. ಕಳಪೆ ಮಾಲು ತುಂಬಿಟ್ಟುಕೊಂಡಿದ್ದೀರಿ ಎಂದು ನಾಲ್ಕು ಜನರ ಎದುರು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಅವರು ಉತ್ತರ ಕೊಡಲಿಲ್ಲ.

3ಬಿ ಮುಗಿಸಿದ ಮೇಲೆ ತಮ್ಮನಿಗೆ ಮತ್ತೆ ಫೋನ್ ಮಾಡಿದಾಗ ಅವನು ಕೇಳಿದ ಪ್ರಶ್ನೆ ಒಂದೇ: ಹಳೆಯ ಸ್ಟಿಕ್ಕನ್ನು ಎರಡನೆಯ ಸ್ಲಾಟ್‌ಗೆ ಹಾಕಿ ನೋಡಿದೆಯಾ? ನೋಡಿರಲಿಲ್ಲ. ಹಳೆಯದನ್ನು ಯಾವಾಗಲೂ ಹಳೆಯ ಸ್ಲಾಟ್‌ನಲ್ಲಿ, ಹೊಸದನ್ನು ಯಾವಾಗಲೂ ಹೊಸ ಸ್ಲಾಟ್‌ನಲ್ಲಿ ಪರೀಕ್ಷಿಸಿದ್ದೆ. ಹಾಗೆ ಮಾಡಿದರೆ ಕೆಟ್ಟದ್ದು ಸ್ಟಿಕ್ಕೋ ಸ್ಲಾಟೋ ಎಂದು ಹೇಳಲು ಸಾಧ್ಯವೇ ಇಲ್ಲ. ಎರಡು ಸ್ಟಿಕ್, ಎರಡು ಸ್ಲಾಟ್, ಒಟ್ಟು ನಾಲ್ಕು ಜೋಡಣೆಗಳು. ನಾನು ಎರಡನ್ನು ಮಾತ್ರ ನೋಡಿ ತೀರ್ಪು ಕೊಟ್ಟಿದ್ದೆ. 20ರ ರಾತ್ರಿ ಹೊಸ ಸ್ಟಿಕ್ ಮೊದಲ ಸ್ಲಾಟ್‌ಗೆ ಹೋಯಿತು: ನಾಲ್ಕು ಸುತ್ತು, ಒಂದು ದೋಷವೂ ಇಲ್ಲ. 21ರ ರಾತ್ರಿ ನಾಲ್ಕು ವರ್ಷಗಳಿಂದ ನಂಬಿಕೊಂಡು ಬಂದ ಹಳೆಯ ಸ್ಟಿಕ್ ಎರಡನೆಯ ಸ್ಲಾಟ್‌ಗೆ ಹೋಯಿತು: ಕೆಂಪು ಸಾಲುಗಳು. ಒಂದೊಂದು ಪರೀಕ್ಷೆಗೂ ನನ್ನ ಯಂತ್ರದಲ್ಲಿ ಎರಡೂವರೆ ಗಂಟೆ ಹಿಡಿಯಿತು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಎರಡನೆಯ ಸ್ಲಾಟ್‌ನಲ್ಲಿ ಮಾತ್ರ ಸ್ಟಿಕ್ ಇದ್ದರೆ ಶುರುವಾಗುವುದೇ ಇಲ್ಲ, ನನ್ನದು ಆಯಿತು.

ಚಿಕ್ಕಮಗಳೂರಿನಲ್ಲಿ ಇಬ್ಬರನ್ನು ವಿಚಾರಿಸಿದಾಗ ಇಬ್ಬರೂ ಮದರ್‌ಬೋರ್ಡ್ ಬದಲಿಸಬೇಕು ಎಂದರು. ಬೋರ್ಡ್ ಮೇಲಿನ ಬೆಸುಗೆ ಕೆಲಸ ಮಾಡುವವರು ಹಾಸನದಲ್ಲಿದ್ದಾರೆ ಎಂದು ಪರಿಚಯದವರಿಂದ ತಿಳಿದು 23ರ ಮಂಗಳವಾರ ಬೆಳಿಗ್ಗೆ ಬೇಲೂರು ಮಾರ್ಗದ ಬಸ್ಸು ಹತ್ತಿದೆ. ಸುಮಾರು 60 ಕಿಲೋಮೀಟರ್ ದಾರಿ. ಶಕ್ತಿ ಯೋಜನೆಯಿಂದಾಗಿ ಆಧಾರ್ ತೋರಿಸಿದರೆ ನಮಗೆ ಟಿಕೆಟ್ ಖರ್ಚಿಲ್ಲ, ಆದರೆ ಮಳೆಯಿಂದ ರಸ್ತೆ ನಿಧಾನವಾಗಿ ಹಾಸನ ಮುಟ್ಟುವಾಗ ಹನ್ನೊಂದೂವರೆ. ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಆ ತಂತ್ರಜ್ಞರು ಮುಚ್ಚಳ ಬಿಚ್ಚುವ ಮೊದಲು ನನ್ನ ಮೊಬೈಲ್ ಕೇಳಿದರು. ಮೂರು ಫೋಟೋಗಳನ್ನೂ ಪಕ್ಕಪಕ್ಕ ದೊಡ್ಡದು ಮಾಡಿ ನೋಡಿ, ಸಾರಾಂಶದ ಪುಟದಲ್ಲಿದ್ದ ‘ಬಿಟ್ಸ್ ಇನ್ ಎರರ್ ಮಾಸ್ಕ್’ ಎಂಬ, ಯಾವ ಬಿಟ್ ತಪ್ಪಾಗಿದೆ ಎಂದು ತೋರಿಸುವ ಸಾಲಿನ ಮೇಲೆ ಬೆರಳಿಟ್ಟರು. ಮೊದಲ ಸ್ಟಿಕ್‌ನಲ್ಲಿ 00000400, ಬದಲಿ ಸ್ಟಿಕ್‌ನಲ್ಲಿ 00000400, ಹಳೆಯ ಸ್ಟಿಕ್‌ನಲ್ಲೂ 00000400. “ಮೇಡಂ, ಮೂರು ಬೇರೆ ಬೇರೆ ಸ್ಟಿಕ್ಕು ಒಂದೇ ಜಾಗದಲ್ಲಿ ಕೆಡೋದುಂಟಾ? ಇದು ಸ್ಟಿಕ್ಕಿಂದಲ್ಲ” ಎಂದರು. ಅವರು ವಿವರಿಸಿದ್ದು ಹೀಗೆ: ಸ್ಟಿಕ್ ಮತ್ತು ಪ್ರೊಸೆಸರ್ ನಡುವೆ ಮಾಹಿತಿ ಸಾಗುವ 64 ಗೆರೆಗಳಿರುತ್ತವೆ. ಒಂದು ಗೆರೆಯ ಪಿನ್ ಸರಿಯಾಗಿ ತಾಗದಿದ್ದರೆ, ಮೆಮೊರಿಯ ಯಾವ ವಿಳಾಸದಲ್ಲಿ ಓದಿದರೂ ಅದೇ ಒಂದು ಬಿಟ್ ತಪ್ಪಾಗಿ ಬರುತ್ತದೆ. ಸಮಾನ ಗಾತ್ರದ ಎರಡು ಸ್ಟಿಕ್‌ಗಳಿದ್ದಾಗ ಯಂತ್ರ ಮಾಹಿತಿಯನ್ನು ಎರಡಕ್ಕೂ ಸರದಿಯಂತೆ ಹಂಚುವುದರಿಂದ, ಮೊದಲ 8 ಜಿಬಿ ತುಂಬಿದ ಮೇಲೆಯೇ ತೊಂದರೆ ಬರುತ್ತದೆ ಎಂದೇನಿಲ್ಲ. ಕೆಲಸ ಕಡಿಮೆಯಿದ್ದಾಗಲೂ ಕೆಟ್ಟ ಸ್ಲಾಟ್ ಬಳಕೆಯಾಗುತ್ತಲೇ ಇರುತ್ತದೆ. ನನ್ನ ನೀಲಿ ಪರದೆಗಳಿಗೆ ಹೊತ್ತುಗೊತ್ತು ಇಲ್ಲದಿದ್ದುದು ಅದಕ್ಕೇ.

ಸೂಕ್ಷ್ಮದರ್ಶಕದ ಕೆಳಗೆ ಅವರು ತೋರಿಸಿದ್ದನ್ನು ನಾನೂ ನೋಡಿದೆ. ಮೊದಲ ಸ್ಲಾಟ್‌ನ ಪಿನ್‌ಗಳು ಹೊಳೆಯುತ್ತಿದ್ದವು. ಎರಡನೆಯದರಲ್ಲಿ ಒಂದು ಮೂಲೆಯ ಕೆಲವು ಪಿನ್‌ಗಳ ಬುಡದಲ್ಲಿ ಹಸಿರು ಛಾಯೆಯ ಕಿಲುಬು ಹಿಡಿದಿತ್ತು. ಸ್ಟಿಕ್ ಇಲ್ಲದೆ ತೆರೆದಿದ್ದ ಸ್ಲಾಟ್ ಅದು. 2020ರಿಂದ ನಾಲ್ಕು ಮಳೆಗಾಲಗಳನ್ನು ನಮ್ಮೂರಿನ ತೇವದಲ್ಲಿ ಕಳೆದಿದೆ. ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯಬಾರದೆಂದು ಬಲ್ಬು ಉರಿಸಿಡುವ ನಾವು ಲ್ಯಾಪ್‌ಟಾಪನ್ನು ಮಾತ್ರ ಕಿಟಕಿ ಪಕ್ಕದ ಮೇಜಿನ ಮೇಲೆ ಬಿಟ್ಟಿರುತ್ತೇವೆ. ಸ್ಟಿಕ್ಕನ್ನು ರಬ್ಬರಿನಿಂದ ಉಜ್ಜಿದ್ದನ್ನು ಹೇಳಿದಾಗ ಅವರಿಗೆ ಸರಿಬರಲಿಲ್ಲ. ರಬ್ಬರಿನ ಪುಡಿ ಸ್ಲಾಟ್ ಒಳಗೆ ಸೇರುತ್ತದೆ, ಚಿನ್ನದ ಲೇಪ ಸವೆಯುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೆ ಬೇಡ ಎಂದರು.

ಅವರು ಹಾಗೆಯೇ ಶುಚಿಮಾಡಿ, ಒಣಗಿಸಿ, ಪರೀಕ್ಷೆ ಹಚ್ಚಿದರು. ನಾನು ಹೊರಗೆ ಹೋಗಿ ಊಟ ಮುಗಿಸಿ ಬಂದೆ. ಮೊದಲು ನೂರಾರು ಇದ್ದ ದೋಷಗಳು ಐದಕ್ಕೆ ಇಳಿದಿದ್ದವು, ಆದರೆ ಸೊನ್ನೆಯಾಗಿರಲಿಲ್ಲ. ಮೆಮೊರಿಯ ವಿಷಯದಲ್ಲಿ ಐದು ಎಂಬುದೂ ಬಹಳ. ಸ್ಲಾಟ್‌ನ ಬೆಸುಗೆಯನ್ನು ಮತ್ತೆ ಕಾಯಿಸಬಹುದು, 2,500 ರೂಪಾಯಿ ಆಗುತ್ತದೆ, ಆದರೆ ಗ್ಯಾರಂಟಿ ಕೊಡಲಾರೆ ಎಂದು ಅವರೇ ನೇರವಾಗಿ ಹೇಳಿದರು. ಅದರ ಬದಲು 16 ಜಿಬಿಯ ಒಂದೇ ಸ್ಟಿಕ್ ತಂದು ಮೊದಲ ಸ್ಲಾಟ್‌ಗೆ ಹಾಕಿ, ಎರಡನೆಯದನ್ನು ಮರೆತುಬಿಡಿ ಎಂಬುದು ಅವರ ಸಲಹೆ. ಒಂದು ಸ್ಲಾಟ್‌ಗೆ 16 ಜಿಬಿವರೆಗೆ ಹಾಕಬಹುದೆಂದು ತಯಾರಕರ ಕೈಪಿಡಿಯಲ್ಲಿ ಇದೆಯೇ ಎಂದು ಮೊದಲು ನೋಡಿ ಖಚಿತಪಡಿಸಿಕೊಟ್ಟರು. ಒಂದೇ ಸ್ಟಿಕ್ ಆದರೆ ಮಾಹಿತಿ ಸಾಗುವ ಗರಿಷ್ಠ ವೇಗ ಅರ್ಧಕ್ಕೆ ಇಳಿಯುತ್ತದೆ, 2666ರಲ್ಲಿ ಸೆಕೆಂಡಿಗೆ ಸುಮಾರು 42 ಜಿಬಿ ಇರುವುದು 21ಕ್ಕೆ. ವಿಡಿಯೋ ಕೆಲಸ ಮಾಡುವವರಿಗೆ, ಆಟ ಆಡುವವರಿಗೆ ಇದು ಗೊತ್ತಾಗುತ್ತದೆ, ಲೆಕ್ಕದ ಕೆಲಸಕ್ಕೆ ಏನೂ ಆಗದು ಎಂದರು. ಪರಿಶೀಲನೆಗೆ ತೆಗೆದುಕೊಂಡದ್ದು 500 ರೂಪಾಯಿ. ನಾನು ಇಷ್ಟು ಸಂತೋಷದಿಂದ ಬೇರಾವ 500 ರೂಪಾಯಿಯನ್ನೂ ಆ ತಿಂಗಳು ಕೊಡಲಿಲ್ಲ.

ಮರುದಿನ ಅದೇ ಅಂಗಡಿಗೆ ಹೋದೆ. ಫೋಟೋಗಳನ್ನು ತೋರಿಸಿ, ತಪ್ಪು ನಿಮ್ಮ ಸ್ಟಿಕ್‌ದಲ್ಲ, ನನ್ನ ಯಂತ್ರದ್ದು, ಅಂದು ಆಡಿದ ಮಾತಿಗೆ ಕ್ಷಮಿಸಬೇಕು ಎಂದು ಕೇಳಿಕೊಂಡೆ. ಅಂದು ಅಲ್ಲಿದ್ದ ನಾಲ್ಕು ಜನ ಇವತ್ತು ಇರಲಿಲ್ಲ ಎಂಬುದು ನನ್ನನ್ನು ಇನ್ನೂ ಕಾಡುತ್ತದೆ. ಅವರು, “ಬಿಡಿ ಮೇಡಂ, ಜುಲೈಯಲ್ಲಿ ಎಲ್ಲರಿಗೂ ಟೆನ್ಶನ್ನೇ” ಎಂದು, 8 ಜಿಬಿ ಸ್ಟಿಕ್ಕನ್ನು 1,600 ರೂಪಾಯಿಗೆ ಹಿಂದಕ್ಕೆ ತೆಗೆದುಕೊಂಡು 3,300ರ 16 ಜಿಬಿ ಸ್ಟಿಕ್ ಕೊಟ್ಟರು. ನಾನು ಕೊಟ್ಟದ್ದು 1,700. ಅಲ್ಲಿಗೆ ಅಡಾಪ್ಟರ್, ಪೆನ್‌ಡ್ರೈವ್, ಹಾಸನದ ಶುಲ್ಕ ಎಲ್ಲ ಸೇರಿ ಒಟ್ಟು ಖರ್ಚು 5,800 ರೂಪಾಯಿ. ಮೊದಲೇ ನಾಲ್ಕು ಜೋಡಣೆಗಳನ್ನೂ ಪರೀಕ್ಷಿಸಿದ್ದರೆ ಇದರಲ್ಲಿ ಅಡಾಪ್ಟರಿನ 1,200 ಖಂಡಿತ ಉಳಿಯುತ್ತಿತ್ತು, ವಿತರಕರಿಗೆ ಕಾದ ಐದು ದಿನಗಳೂ ಉಳಿಯುತ್ತಿದ್ದವು.

ಸ್ಟಿಕ್ಕನ್ನು ಮನೆಯಲ್ಲಿ ನಾನೇ ಹಾಕಿದೆ. 24ರ ರಾತ್ರಿ ಹಚ್ಚಿದ ಪರೀಕ್ಷೆ 25ರ ಬೆಳಿಗ್ಗೆ ನಾಲ್ಕು ಸುತ್ತು ಮುಗಿಸಿ, ದೋಷ 0 ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿತು. ಜುಲೈ 1ರಿಂದ 9ರವರೆಗೆ ಈ ಯಂತ್ರದಲ್ಲಿ ಮುಟ್ಟಿದ ಪ್ರತಿ ಲೆಕ್ಕವನ್ನೂ ಬ್ಯಾಂಕ್ ಪಟ್ಟಿಯ ಜೊತೆ ತಾಳೆ ನೋಡಲು ಇನ್ನೆರಡು ದಿನ ಬೇಕಾಯಿತು. ಇನ್ನೊಬ್ಬರ ಲೆಕ್ಕದಲ್ಲಿ ಒಂದು ಕಡತ ಹಾಳಾಗಿದ್ದದ್ದು ಆಗ ಸಿಕ್ಕಿತು, ಅದನ್ನೂ ಜೂನ್ 28ರ ಪ್ರತಿಯಿಂದ ಸರಿಪಡಿಸಿದೆ. ಕೊನೆಯ ಆದಾಯ ತೆರಿಗೆ ವಿವರಣೆ 30ರ ರಾತ್ರಿ ಒಂಬತ್ತಕ್ಕೆ ಸಲ್ಲಿಕೆಯಾಯಿತು. ಲ್ಯಾಪ್‌ಟಾಪ್ ಈಗ ಕೆಲಸ ಮುಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ. ರಿಕವರಿ ಕೀಯ ಕಾಗದವನ್ನು ಬೀರುವಿನಲ್ಲಿ ಬಲ್ಬಿನ ಪಕ್ಕದಲ್ಲೇ ಇಟ್ಟಿದ್ದೇನೆ.